ನೀರೊಳಗಿನ ಹೊಲ

"ಇಲ್ಲೇ ನೋಡ್ರಿ ಸಾಹೇಬ್ರ, ನಮ್ಮ ಹೊಲ" ಎಂದು ಅಂಬಿಗರ ಮೂಕಮ್ಮ ಹುಟ್ಟು ಹಾಕುವುದನ್ನು ನಿಲ್ಲಿಸಿದಾಗ, ಸರ್ವೇಯರ್ ಮರಿಸ್ವಾಮಿ ಹರಿಗೋಲಿನ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಸುತ್ತಲೂ ಶ್ರಾವಣದ ಕೃಷ್ಣಾ ಹೊಳೆ. ಕೆಂಪು ನೀರು ಬಿಟ್ಟರೆ ಒಂದು ಹುಲ್ಲುಕಡ್ಡಿಯೂ ಕಾಣಲಿಲ್ಲ.

ಉಳುವವರಿಗೇ ಹೊಲ ಎಂಬ ಕಾನೂನು ಬಂದ ಹೊಸತು. ಈ ಹೊಲ ತನ್ನದೆಂದು ಮೂಕಮ್ಮ ಅರ್ಜಿ ಕೊಟ್ಟಿದ್ದಳು. ತನ್ನದೆಂದು ಅಕ್ಕಿ ಮಿಲ್ಲಿನ ಧಣಿಯೂ ಕೊಟ್ಟಿದ್ದ. ಧಣಿಯ ಹತ್ತಿರ ನಕ್ಷೆ, ಸಹಿ ಎಲ್ಲ ಇದ್ದ ಕಾಗದ; ಅದೀಗ ಮರಿಸ್ವಾಮಿಯ ಜೇಬಿನಲ್ಲಿತ್ತು. ಮೂಕಮ್ಮನ ಹತ್ತಿರ ಬರೀ ಬಾಯಿಮಾತು. ಯಾರದೆಂದು ಮರಿಸ್ವಾಮಿ ಇವತ್ತೇ ದೇವದುರ್ಗದ ಕಚೇರಿಗೆ ಬರೆದುಕೊಡಬೇಕು. ಸರಪಳಿ ಹೊತ್ತು ಬಂದವನಿಗೆ ಅಳೆಯಲು ನೆಲವೇ ಇಲ್ಲ!

"ಚಕ್ಕುಬಂದಿ ಹೇಳವ್ವಾ. ನಾಕೂ ಕಡಿ ಏನೇನದ?"

"ಮೂಡಕ್ಕ ಹೊಳಿ, ಪಡುವಕ್ಕ ಹೊಳಿ, ಆಕಡಿ ಹೊಳಿ, ಈಕಡಿ ಹೊಳಿ. ಈಗ ಮ್ಯಾಲನೂ ಹೊಳೀನ ರೀ."

ನಗಬೇಕೋ ಗದರಬೇಕೋ ಮರಿಸ್ವಾಮಿಗೆ ತಿಳಿಯಲಿಲ್ಲ. ಹರಿಗೋಲು ನಿಧಾನಕ್ಕೆ ತಿರುಗುತ್ತಿತ್ತು. ಮೂಡಣ ಯಾವುದು, ಪಡುವಣ ಯಾವುದು ಎಂಬುದೂ ತಪ್ಪಿಹೋಯಿತು.

"ದೀಪಾವಳಿಗಿ ನೀರು ಇಳಿದು ಉಸುಕಿನ ದಿಬ್ಬ ಏಳ್ತದ್ರಿ. ಅದರ ಮ್ಯಾಲ ಗುಡಿಸಲಾ ಹಾಕ್ಕೊಂಡು ಕರಬೂಜ, ಸೌತಿ ಹಚ್ತೀವಿ. ಮಿರಗದ ಮಳಿ ಬಂದು ಹೊಳಿ ತುಂಬಿದ್ರ ದಂಡಿಗಿ ಏರಿ ಮೀನ ಹಿಡೀತೀವಿ. ನಮ್ಮತ್ತಿ, ಆಕಿ ಅತ್ತಿ, ಎಲ್ಲಾರೂ ಹಿಂಗ ಬದುಕ್ಯಾರ. ಇದು ಹೋದ್ರ ನಮ್ಮ ಮನ್ಯಾಗ ಒಲಿ ಹತ್ತಂಗಿಲ್ರಿ."

ಆ ಮಾತು ಸುಳ್ಳಲ್ಲವೆಂದು ಮರಿಸ್ವಾಮಿಗೆ ಖಾತ್ರಿಯಾಯಿತು. ಏನಾದರಾಗಲಿ ಎಂದು ಪೆನ್ನು ತೆಗೆದ.

"ದೀಪಾವಳಿಗಿ ಬಂದು ಅಳೀತೀನಂತ ಬರೀತೀನಿ. ಇದೇ ಜಾಗಾ ಹೌದಲ್ಲ?"

"ಅದ್ಹೆಂಗ ಹೇಳ್ಲಿ? ಈ ಬ್ಯಾಸಿಗ್ಯಾಗ ಇಲ್ಲಿತ್ತು. ಹ್ವಾದ ವರ್ಷ ಆ ದಂಡಿ ಕಡಿ ಎದ್ದಿತ್ತು. ಮುಂದ ಎಲ್ಲಿ ಏಳ್ತದೋ! ಎಲ್ಲೆದ್ರೂ ಅದು ನಮ್ದ ರೀ."

ಪೆನ್ನು ಅಲ್ಲೇ ನಿಂತಿತು. ಹದಿನೈದು ವರ್ಷದ ನೌಕರಿಯಲ್ಲಿ ಓಡಾಡುವ ಹೊಲವನ್ನು ಅವನು ಕಂಡಿರಲಿಲ್ಲ. ಧಣಿಯ ನಕ್ಷೆಯಲ್ಲಾದರೋ ಹೊಲ ಗೂಟಕ್ಕೆ ಕಟ್ಟಿದಂತೆ ಒಂದೇ ಕಡೆ ನಿಂತಿತ್ತು.

"ಹೊಲ ಅಂದಮ್ಯಾಲ ಒಂದು ಕಡಿ ಇರಬೇಕವ್ವಾ. ಧಣ್ಯಾರ ಕಾಗದಾ ನೋಡು, ಗೌಡಂದು, ಸಾಕ್ಷಿದಾರರದು, ಎಲ್ಲಾರ ಸಹಿನೂ ಅದಾವ."

ಮೂಕಮ್ಮ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅವನ ಕೈಯಲ್ಲಿದ್ದ ಮಡಚಿದ ಕಾಗದದತ್ತ ಬಾಗಿದಳು.

"ಹೊಳೀದು ಹೆಬ್ಬೆಟ್ಟು ಅದ ಏನ್ರಿ?"

ಮರಿಸ್ವಾಮಿ ಕಾಗದ ಬಿಚ್ಚಿ, ನಿಜವಾಗಿಯೂ ಹುಡುಕತೊಡಗಿದ.