ಅಲುಗಾಡುವ ನೀರು

ಸಂಪದಾ ಲ್ಯಾಪ್‌ಟಾಪಿನಲ್ಲಿ ಕಂಡ ಸಮಯವನ್ನು ಎರಡು ಸಲ ಓದಿದಳು. ಬಾಯ್ಲರಿನ ಸೆನ್ಸರಿನಿಂದ ನೀರಿನ ಮಟ್ಟದ ಕೊನೆಯ ಅಳತೆ ಬಂದದ್ದು ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ಈಗ ಹತ್ತು ಮೂವತ್ತಾರು. ತಲೆಯೆತ್ತಿ ಗೋಡೆಯ ಮೇಲಿನ ದೊಡ್ಡ ಸ್ಕ್ರೀನ್ ನೋಡಿದಳು. ಅವಳೇ ಬಿಡಿಸಿದ ಗಾಜಿನ ಕೊಳವೆಯೊಳಗೆ ನೀಲಿ ನೀರು ಅರವತ್ತರ ಗೆರೆಯಲ್ಲಿ ಸಣ್ಣಗೆ ಅಲುಗಾಡುತ್ತಿತ್ತು.

"ಕಾಕಾ, ಬಾಯ್ಲರಿನ ಮ್ಯಾಲಿನ ನೀರಿನ ಗಾಜು ನೋಡಿ ಎಷ್ಟೊತ್ತಾತ್ರಿ?"

ಆಪರೇಟರ್ ರಸೂಲಸಾಬ ಚಹಾದ ಲೋಟ ಕೆಳಗಿಟ್ಟ. "ಅದನ್ನ ಯಾಕ ನೋಡ್ಲಿರಿ ಅಕ್ಕಾರ? ನೀವು ಮಾಡಿಕೊಟ್ಟಿದ್ದರಾಗ ಎಲ್ಲಾ ಕಾಣಸ್ತೈತಲ್ಲ. ಅರವತ್ತೈತಿ. ಐವತ್ತಕ್ಕ ಇಳೀತಂದ್ರ ಪಂಪ್ ಹಾಕ್ತೇನಿ."

"ಇಪ್ಪತ್ನಾಕು ನಿಮಿಷ ಆತು, ಒಂದು ಗೆರಿನೂ ಇಳಿದಿಲ್ರಿ."

"ಇವತ್ತ ಒಂದು ಮಷಿನ್ ಬಂದ್ ಐತಿ. ಸ್ಟೀಮ್ ಕಡಿಮಿ ಎಳೀತಿರಬೇಕು." ಹಾಗೆಂದರೂ ಅವಳ ಮುಖ ನೋಡಿ ಎದ್ದ. ಕಬ್ಬಿಣದ ಏಣಿ ಹತ್ತಿದ. ಇಳಿದು ಬಂದಾಗ ಮುಖದ ಬಣ್ಣವೇ ಇಳಿದುಹೋಗಿತ್ತು. ಬೇರೆ ಯಾರದೋ ಮನೆಯ ಸುದ್ದಿ ಹೇಳುವವನ ಹಾಗೆ, "ಗಾಜಿನ್ಯಾಗ ನೀರಿಲ್ಲ" ಅಂದ.

ಸಂಪದಾ ಪಂಪಿನ ಗುಂಡಿಯತ್ತ ಕೈಚಾಚಿದಳು. ರಸೂಲಸಾಬ ಅವಳ ಮಣಿಕಟ್ಟು ಹಿಡಿದುಬಿಟ್ಟ. "ಕೆಂಪಗ ಕಾದ ಕಬ್ಬಿಣಕ್ಕ ಈಗ ನೀರು ಬಿಟ್ರ ಬಾಯ್ಲರ್ ಸಿಡಿದು ಶೆಡ್ಡ ಉಳಿಯಂಗಿಲ್ಲ. ಎಲ್ಲಾರ್ನೂ ಕರಕೊಂಡು ಹೊರಗ ನಡೀರಿ. ಲಗೂನ."

ಹುಬ್ಬಳ್ಳಿ ಕಡೆಯ ಬೇಲೂರಿನ, ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯ ನಲವತ್ತು ಮಂದಿ ಒದ್ದೆ ಕೈಗಳಲ್ಲೇ ಗೇಟಿನ ಬಳಿ ಬಂದು ನಿಂತರು. ಶೆಡ್ಡಿನ ಬಾಗಿಲಿನಿಂದ ಅವಳಿಗೆ ಕಂಡದ್ದು ರಸೂಲಸಾಬನ ಬೆನ್ನು ಮಾತ್ರ. ಉದ್ದನೆಯ ಸಲಾಕಿ ಹಿಡಿದು ಒಲೆಯೊಳಗಿನ ಉರಿಯುವ ಕಟ್ಟಿಗೆಯನ್ನೆಲ್ಲ ಹೊರಗೆಳೆಯುತ್ತಿದ್ದ, ಅದರ ಮೇಲೆ ಮರಳು ಚೆಲ್ಲುತ್ತಿದ್ದ. ನೀರು ಕಡಿಮೆಯಾದರೆ ತಾನಾಗಿ ಮೊಳಗಬೇಕಿದ್ದ ಗಂಟೆ ಕೆಟ್ಟು ವಾರವಾಗಿತ್ತಂತೆ. ಸ್ಕ್ರೀನ್ ಇದೆಯಲ್ಲ ಎಂದು ಯಾರೂ ರಿಪೇರಿಗೆ ಅವಸರ ಮಾಡಿರಲಿಲ್ಲ. ಕಾಲು ಗಂಟೆ ಕಳೆಯಿತು. ಏನೂ ಸಿಡಿಯಲಿಲ್ಲ. ರಸೂಲಸಾಬ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಹುಬ್ಬಿನ ಕೂದಲು ಸುಟ್ಟಿತ್ತು.

ಮ್ಯಾನೇಜರ್ ಅಂಬರೀಷ ಒಳಗೆಲ್ಲ ಹುಡುಕಾಡಿ, ಗೋಡೆಗೆ ಸುಣ್ಣ ಹೊಡೆಯುವವರು ಜಗ್ಗಿ ಕಿತ್ತ ಸೆನ್ಸರಿನ ಕೇಬಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಬಂದ. ಸಿಟ್ಟೆಲ್ಲ ರಸೂಲಸಾಬನ ಮೇಲೆ ಹರಿಯಿತು. "ಮೂವತ್ತು ವರ್ಷದ ಅನುಭವ ಅಂತೀರಿ. ಎದ್ದು ಒಂದ್ಸಲ ಗಾಜು ನೋಡಾಕ ಏನಾಗಿತ್ರಿ ನಿಮಗ?"

"ನೀರು ಅಲುಗಾಡಾಕತ್ತಿತ್ರಿ, ಸಾಹೇಬ್ರ." ಅಷ್ಟೇ ಅಂದ. ಇನ್ನೊಮ್ಮೆ ಕೇಳಿದಾಗಲೂ ಅದನ್ನೇ ಅಂದ.

ಆ ಮಾತು ಎಲ್ಲಿಯದೆಂದು ಸಂಪದಾಳಿಗೆ ಗೊತ್ತಿತ್ತು. ಮೂರು ತಿಂಗಳ ಹಿಂದೆ, ಹೊಸ ಸ್ಕ್ರೀನ್ ಹೇಗಿರಬೇಕೆಂದು ತಿಳಿಯಲು ಅವಳು ಇಲ್ಲಿ ಎರಡು ದಿನ ಕೂತಿದ್ದಾಗ, ಇದೇ ರಸೂಲಸಾಬ ಅವಳನ್ನು ಏಣಿ ಹತ್ತಿಸಿ ಗಾಜು ತೋರಿಸಿದ್ದ. ನೀರು ಹಿಂಗ ಸಣ್ಣಗ ಅಲುಗಾಡ್ತಿದ್ರ ಅದು ಖರೇ ನೀರು, ನಿಂತುಬಿಟ್ರ ನಂಬಬಾರದು, ಪೈಪು ಕಟ್ಟಿರ್ತೈತಿ ಅಂದಿದ್ದ. ಅದು ಅವಳಿಗೆ ಎಷ್ಟು ಹಿಡಿಸಿತ್ತೆಂದರೆ, ತನ್ನ ಸಾಫ್ಟ್‌ವೇರ್ ಆಫೀಸಿಗೆ ಹೋದವಳೇ ಮೊದಲು ಮಾಡಿದ್ದು ಆ ಅಲುಗಾಟವನ್ನು. ಹಳೆಯ ಡೆಸ್ಕ್‌ಟಾಪ್ ಪ್ರೋಗ್ರಾಮಿನಲ್ಲಿ ಬರೀ ಒಂದು ಅಂಕಿ, ಪಕ್ಕದಲ್ಲಿ ಅದು ಬಂದ ಗಂಟೆ-ನಿಮಿಷ ಇರುತ್ತಿತ್ತು. ಗಂಟೆ-ನಿಮಿಷ ಗಿಜಿಗಿಜಿ ಅನ್ನಿಸಿ ತೆಗೆದವಳೂ ಅವಳೇ. ಬ್ರೌಸರಿನಲ್ಲಿ ತೆರೆದ ಹೊಸ ಸ್ಕ್ರೀನ್ ಕಂಡು ರಸೂಲಸಾಬ, "ಅಗದಿ ನಮ್ಮ ಗಾಜಿನಂಗ ಐತ್ರಿ" ಎಂದು ಹಿಗ್ಗಿದ್ದ.

"ಸರ್, ಕಾಕಾನ ತಪ್ಪಿಲ್ರಿ," ಅವಳು ಅಂಬರೀಷನ ಎದುರಿಗೆ ಬಂದು ನಿಂತಳು. "ಆ ಅಲುಗಾಟ ಬಾಯ್ಲರಿನಿಂದ ಬರೂದಲ್ಲ. ನಾ ಮಾಡಿಟ್ಟದ್ದು. ಕೇಬಲ್ ಕಿತ್ತು ಒಗದ್ರೂ ಅದು ಅಲುಗಾಡಕೋತನ ಇರ್ತೈತಿ."

ರಸೂಲಸಾಬ ನಿಧಾನಕ್ಕೆ ತಿರುಗಿ ನೋಡಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. "ಹಂಗಾರ ಅದು ಚಿತ್ರ ಏನ್ರಿ?"

"ಕೇಬಲ್ ಇರೋತನಕ ಮಟ್ಟ ಖರೇದು ಕಾಕಾ. ಅಲುಗಾಟ ಅಷ್ಟ ಚಿತ್ರ."

ಅವನು ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಹೆಗಲ ಮೇಲಿನ ವಸ್ತ್ರದಿಂದ ಒರೆಸಿಕೊಳ್ಳುತ್ತ ಕೇಳಿದ: "ಈ ಸ್ಕ್ರೀನ್ ಮತ್ತ ಎಲ್ಲೆಲ್ಲಿ ಹಾಕೀರಿ ಅಕ್ಕಾರ?"

ಆವರೆಗೂ ಅದು ಅವಳ ತಲೆಗೇ ಹೊಳೆದಿರಲಿಲ್ಲ. ಚಂದ ಬಂದಿದೆ ಎಂದು ಆಫೀಸಿನವರು ಇದನ್ನೇ ಇನ್ನೂ ಐದು ಕಾರ್ಖಾನೆಗಳಿಗೆ ಕೊಟ್ಟಿದ್ದರು. ಮೊದಲು ಸಿಕ್ಕ ನಂಬರು ಒತ್ತಿದಳು: ಗಬ್ಬೂರ ಬೈಪಾಸಿನ ಎಣ್ಣೆ ಮಿಲ್ಲಿನ ಮ್ಯಾನೇಜರ್ ಶಂಭುಲಿಂಗ.

"ಅಣ್ಣಾರ, ನಾ ಸಂಪದಾ. ನೀವೀಗ ಎದ್ದು ಹೋಗಿ ಬಾಯ್ಲರಿನ ಗಾಜು ನೋಡಿ ಬರ್ರಿ. ನಾ ಫೋನ್ ಹಿಡಕೊಂಡಿರ್ತೇನಿ."

"ನಾ ಹುಬ್ಬಳ್ಳಿ ಆಫೀಸಿನ್ಯಾಗ ಕುಂತು ಸ್ಕ್ರೀನ್ ನೋಡಾಕತ್ತೇನ್ರಿ ಮೇಡಂ," ಆ ಕಡೆಯ ದನಿ ನಿಶ್ಚಿಂತವಾಗಿತ್ತು. "ಅಲ್ಲಿ ಕಟ್ಟಿಗಿ ಹಾಕೋರಷ್ಟ ಅದಾರ. ನಿಮ್ಮ ಸ್ಕ್ರೀನ್ ಬಂದ ಮ್ಯಾಲ ಆಪರೇಟರ್ ಬಸಣ್ಣನ್ನ ಮಾಲಕರು ಕೆಲಸದಿಂದ ಬಿಡಿಸಿದ್ರಲ್ರಿ."