ಮೆಣಸಿನಕಾಯಿ ಗೋದಾಮು ನೆಲಕ್ಕಿಳಿದದ್ದು

ಖಾಲಿ ಬಿಟ್ಟ ಕಟ್ಟಡ ನೆಲ ಬಿಟ್ಟು ಏಳುತ್ತದೆಂಬುದು ಊರಿಗೆಲ್ಲ ಗೊತ್ತಿದ್ದದ್ದೇ. ಮದುವೆಗೆ ಹೊರಟವರು ನಡುಮನೆಯಲ್ಲಿ ಜೋಳದ ಚೀಲ ಪೇರಿಸಿಟ್ಟೇ ಬೀಗ ಹಾಕುತ್ತಿದ್ದರು. ಹೀಗಾಗಿ ಬ್ಯಾಡಗಿ ಪೇಟೆಯ ಹಳೇ ಮೆಣಸಿನಕಾಯಿ ಗೋದಾಮು, ಮಾಲೆಲ್ಲ ಖಾಲಿಯಾದ ಮೇಲೆ ಮೊಳದೆತ್ತರ ತೇಲಿ, ಹಗ್ಗ ಹಾಕಿದ ಎಮ್ಮೆಯ ಹಾಗೆ ಅತ್ತಿತ್ತ ತೂಗುತ್ತಿದ್ದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ.

ದಿಗಿಲಾದದ್ದು ನಾಟಕ ಕಲಿಸುವ ದಾಕ್ಷಾಯಣಿಗೆ. ಆ ದಿನ ಸಂಜೆಯೊಳಗೆ ಅದು ನೆಲಕ್ಕೆ ಕೂತರೆ ಅವಳು ಕಲಿಸುವ ವಿಶ್ವವಿದ್ಯಾಲಯದ ಕಲಾ ಕಾಲೇಜಿಗೆ, ಇಲ್ಲದಿದ್ದರೆ ಕೆಡವುವುದೆಂದು ಅಪ್ಪಣೆಯಾಗಿತ್ತು. ತಬಲಾ, ಬಣ್ಣದ ಡಬ್ಬಿ, ಹುಡುಗ ಹುಡುಗಿಯರು ಎಲ್ಲ ಒಳಗೆ ಹೋದರೂ ಹೊಸ್ತಿಲು ಇನ್ನೂ ಗೇಣು ಮೇಲೇ ಇತ್ತು.

"ಕಲ್ಲು ತುಂಬಿಸಿಬಿಡೂಣೇನ್ರಿ ಮೇಡಂ?" ಎಂದ ಕಟ್ಟಡ ನೋಡಲು ಬಂದಿದ್ದ ಎಂಜಿನಿಯರ್.

"ಕಲ್ಲು ತುಂಬಿದ್ರ ಹುಡುಗರು ಕುಣಿಯೂದೆಲ್ಲಿ? ಕಲ್ಲು ಚಪ್ಪಾಳಿ ಹೊಡಿತಾವೇನು?" ಎಂದು ರೇಗಿದ ದಾಕ್ಷಾಯಣಿ, ಬಾಗಿಲಲ್ಲಿ ನಿಂತು ಪೇಟೆಗೆಲ್ಲ ಕೇಳುವಂತೆ ಕೂಗಿದಳು: "ನಾಟಕ ಐತಿ, ಬರ್ರಿ! ಪುಕ್ಕಟೆ!"

ಹಮಾಲರು ಬಂದರು, ಬಳೆಗಾರ ಬಂದ, ಕಾಯಿಪಲ್ಲೆ ಮಾರುವ ಗುರವ್ವ ಬುಟ್ಟಿಸಮೇತ ಬಂದಳು. ಅವಳು ಕೂತದ್ದೇ ತಡ, ಗೋದಾಮು ಧೊಪ್ಪನೆ ನೆಲ ಹಿಡಿಯಿತು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಗುರವ್ವ.

ನಾಟಕ ಮುಗಿಯಿತು. ಗುರವ್ವ ಸೆರಗು ಕೊಡವಿ ಎದ್ದಳು. ಗೋಡೆ ಸಣ್ಣಗೆ ಅಲುಗಿತು.

"ನಾಳೆನೂ ಬರಬೇಕೇನ್ರಿ ಅಕ್ಕೋರ?"

"ಬರ್ರಿ ಯವ್ವಾ," ಎಂದಳು ದಾಕ್ಷಾಯಣಿ. "ನೀವು ಬರಲಿಲ್ಲಂದ್ರ ನಾವು ಹಾರಿ ಹೋಗ್ತೇವಿ."