ವಾಪಸು ಬಂದ ಕೈ

ಜರ್ಮನಿಯಿಂದ ಇನ್ನೊಂದು ಬಲಗೈ ವಾಪಸು ಬಂದಿತ್ತು. ಹಾರೋಹಳ್ಳಿಯ ಆ ಫ್ಯಾಕ್ಟರಿಯಲ್ಲಿ ತಯಾರಾಗುವ ಕೃತಕ ಕೈಗಳು ಹಡಗು ಹತ್ತುವ ಮೊದಲು ಅಲ್ಲಿನ ಹೆಂಗಸರ ಕೈಯ ಚಲನೆಯನ್ನು ನಕಲು ಮಾಡಿ ಕೆಲಸ ಕಲಿಯುತ್ತಿದ್ದವು; ಆ ಕೈಗಳ ರೂಢಿಯೂ ಜೊತೆಗೇ ಅಂಟಿಕೊಳ್ಳುತ್ತಿತ್ತು. ಈ ಕೈಗೆ ಚಮಚ ಹಿಡಿಯುವುದನ್ನೂ ಅಂಗಿಯ ಗುಂಡಿ ಹಾಕುವುದನ್ನೂ ಕಲಿಸಿದವಳು ಮಹದೇವಿ.

“ಕೊಂಡವರು ಮಲಗಿದ ಮೇಲೆ ಇದು ತಾನಾಗೇ ದಿಂಬು ತಟ್ಟುತ್ತಂತೆ,” ಎಂದರು ಸೂಪರ್‌ವೈಸರ್ ನಂಜುಂಡಯ್ಯ. “ಮನೇಲಿ ಮಗೂನ ತಟ್ಟಿ ಮಲಗಿಸ್ತೀಯೇನಮ್ಮಾ?”

“ಇನ್ನೇನ್ ಮಾಡ್ಲಿ ಸಾರ್? ತಟ್ಟದಿದ್ರೆ ಅದು ಮಲಗಲ್ಲ.”

“ಮನೇಲಿ ರಂಗೋಲಿ ಹಾಕೋದನ್ನ ನಿಲ್ಸು ಅಂದಾಗ ನಿಲ್ಸಿದೆ, ಹೂ ಕಟ್ಟೋದನ್ನೂ ಬಿಟ್ಟೆ. ಇದನ್ನೂ ಬಿಟ್ಬಿಡು ತಾಯಿ. ಅವರಿಗೆ ಬರೀ ಕೈ ಬೇಕು, ನಮ್ಮನೆ ರೂಢಿ ಬೇಡ. ಇನ್ನೊಂದು ಹೀಗೇ ವಾಪಸು ಬಂದ್ರೆ ಆರ್ಡರ್ ವಿಯೆಟ್ನಾಮಿಗೆ ಹೋಗುತ್ತೆ.”

ಇದೇ ಮಾತನ್ನು ಬೆಳಗಿನಿಂದ ಎಲ್ಲರಿಗೂ ಹೇಳಿ ಹೇಳಿ ಅವರ ದನಿಯೂ ಸೋತಿತ್ತು. ಮಹದೇವಿಗೆ ವಾದಿಸುವಷ್ಟು ತ್ರಾಣವಿರಲಿಲ್ಲ. ಆಯಿತೆಂದು ತಲೆಯಾಡಿಸಿದಳು.

ಸಂಜೆ ಮನೆಗೆ ಬಂದು, ಚಾಪೆಯ ಮೇಲೆ ಮಗುವಿನ ಪಕ್ಕ ಕೂತಳು. ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಎಡಗೈಯಿಂದ ತಟ್ಟತೊಡಗಿದಳು. ತಾಳ ಕೂಡಲಿಲ್ಲ. ಮಗು ಕಣ್ಣು ಬಿಟ್ಟು, ಅದು ಯಾರ ಕೈಯೆಂದು ನೋಡಿತು.